ಹೆಸರೂ ನಾದವೂ: ಆರ್.ಎ. ರಮಾಮಣಿ ಅವರ ಜಾಝ್ ಧ್ವನಿಮುದ್ರಿಕೆಗಳಲ್ಲಿ ಭಾಷೆಯ ಪ್ರಶ್ನೆ

ಹಾಡುವವರೇ ಪಿಯಾನೊ ನುಡಿಸಿಕೊಳ್ಳುವ ಪದ್ಧತಿ ಜಾಝ್ ಪರಂಪರೆಯಲ್ಲಿ ಒಂದು ಪ್ರತ್ಯೇಕ ಪ್ರಕಾರವೇ ಆಗಿ ಬೆಳೆದಿದೆ. ನ್ಯಾಟ್ ಕಿಂಗ್ ಕೋಲ್, ನೀನಾ ಸಿಮೋನ್, ಶರ್ಲಿ ಹಾರ್ನ್ ಮೊದಲಾದವರ ಮುದ್ರಿಕೆಗಳನ್ನು ಕೇಳುವಾಗ ‘ಪಕ್ಕವಾದ್ಯ’ ಎಂಬ ಮಾತು ಸಡಿಲವಾಗುತ್ತದೆ. ಉಸಿರು ಎಲ್ಲಿ ಮುಗಿಯುತ್ತದೆಂಬುದನ್ನು ಬಲ್ಲ ದೇಹವೇ ಸ್ವರಮೇಳವನ್ನು ಎಲ್ಲಿ ಇಡಬೇಕೆಂದೂ ನಿರ್ಧರಿಸುತ್ತದೆ. ಶರ್ಲಿ ಹಾರ್ನ್ ಅವರ ಅತಿ ವಿಳಂಬ ಗತಿ ಕುಸಿಯದೆ ನಿಲ್ಲುವುದು ಇದೇ ಕಾರಣಕ್ಕೆ: ಪದಕ್ಕೂ ಪದಕ್ಕೂ ನಡುವಿನ ಮೌನವನ್ನು ಅಳೆಯುವ ಕೈ ಅವರದೇ. ಶಾಸ್ತ್ರೀಯ ಪಿಯಾನೊ ವಾದಕಿಯಾಗಬೇಕೆಂದು ಹೊರಟು, 1951ರಲ್ಲಿ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಯಲ್ಲಿ ಪ್ರವೇಶ ಸಿಗದೆ, ಮುಂದೆ ಅಟ್ಲಾಂಟಿಕ್ ಸಿಟಿಯ ಮದ್ಯದಂಗಡಿಯೊಂದರಲ್ಲಿ ಕೆಲಸ ಉಳಿಸಿಕೊಳ್ಳಲು ಹಾಡತೊಡಗಿದ ನೀನಾ ಸಿಮೋನ್ ಅವರಲ್ಲಿ ಕೈಗೂ ಕಂಠಕ್ಕೂ ಬೇರೆಬೇರೆ ಚರಿತ್ರೆಗಳೇ ಇವೆ. ಅವರ ಮೊದಲ ಮುದ್ರಿಕೆ ‘ಲಿಟಲ್ ಗರ್ಲ್ ಬ್ಲೂ’ವಿನ ಒಂದು ಪ್ರೇಮಗೀತೆಯ ನಡುವೆ ಪಿಯಾನೊ ಇದ್ದಕ್ಕಿದ್ದಂತೆ ಬಾಖ್ ಶೈಲಿಯ ಹೆಣಿಗೆಗೆ ತೊಡಗುತ್ತದೆ. ಕಂಠ ಜನಪ್ರಿಯ ಗೀತೆಯ ಭಾಷೆಯಲ್ಲಿದ್ದರೆ, ಕೈ ತನಗೆ ನಿರಾಕರಿಸಲ್ಪಟ್ಟ ಭಾಷೆಯಲ್ಲಿದೆ. ಈ ದ್ವಿಭಾಷಿಕತೆಯೇ ಆ ಮುದ್ರಿಕೆಯ ಅರ್ಥ.

ಇದೇ ಪ್ರಶ್ನೆಯನ್ನು ಕನ್ನಡ ಪರಿಸರದ ಒಬ್ಬ ಗಾಯಕಿಯ ಮುದ್ರಿಕೆಗಳಿಗೆ ಕೇಳಿದರೆ ಉತ್ತರ ಬೇರೆಯಾಗುತ್ತದೆ. ಆರ್.ಎ. ರಮಾಮಣಿ ಅವರು ಕರ್ನಾಟಕ ಸಂಗೀತದಲ್ಲಿ ಪಳಗಿದ ಬೆಂಗಳೂರಿನ ಗಾಯಕಿ, ರಚನಕಾರ್ತಿ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ತಂಡದೊಡನೆ ಅವರು ಯುರೋಪಿನ ಜಾಝ್ ವೇದಿಕೆಗಳಲ್ಲಿ ಹಾಡಿದರು. ಜರ್ಮನಿಯ ಎಂಬ್ರಿಯೊ, ಡಿಸಿಡೆಂಟನ್ ತಂಡಗಳೊಡನೆಯೂ ಈ ಬಳಗದ ಮುದ್ರಿಕೆಗಳಿವೆ. ಆ ಎಲ್ಲದರ ನಡುವೆ ವಿಮರ್ಶೆಯ ಗಮನವನ್ನು ಹೆಚ್ಚಾಗಿ ಬೇಡುವುದು ‘ಜ್ಯೋತಿ’. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ ಮುದ್ರಣಗೊಂಡು, ಮ್ಯೂನಿಕ್‌ನ ಇ.ಸಿ.ಎಂ. ಸಂಸ್ಥೆಯಿಂದ ಅದೇ ವರ್ಷ ಹೊರಬಂದ ಈ ಮುದ್ರಿಕೆಯಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ (1923–2009), ರಮಾಮಣಿ, ಮಣಿ, ಘಟ ಮತ್ತು ಮೋರ್ಸಿಂಗ್‌ನಲ್ಲಿ ಆರ್.ಎ. ರಾಜಗೋಪಾಲ್, ಖಂಜಿರದಲ್ಲಿ ಟಿ.ಎನ್. ಶಶಿಕುಮಾರ್ ಇದ್ದಾರೆ. ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಸ್ವರಮೇಳ ಕೊಡಬಲ್ಲ ಯಾವ ವಾದ್ಯವೂ ಇಲ್ಲ. ಹಾಡುವವರ ಕೈಯಲ್ಲಿರುವುದು ತಂಬೂರಿ.

ಈ ಸಣ್ಣ ವಿವರ ನಿರ್ಣಾಯಕವಾದದ್ದು. ತನ್ನ ಶ್ರುತಿಯನ್ನು ತಾನೇ ಮೀಟಿಕೊಂಡು ಹಾಡುವುದು ಕನ್ನಡ-ತೆಲುಗು ಗಡಿಯಲ್ಲಿ ಹೊಸದೇನೂ ಅಲ್ಲ. ಕೈವಾರದ ಯೋಗಿ ನಾರೇಯಣರ ತೆಲುಗು ಮತ್ತು ಕನ್ನಡ ತತ್ವಪದಗಳನ್ನು ಹಾಡುವ ಭಜನೆಯವರು ಕೊಡಿಕೊಂಡದ ಈಚೆಗೂ ಆಚೆಗೂ ಏಕತಾರಿಯನ್ನೋ ತಂಬೂರಿಯನ್ನೋ ಹಿಡಿದೇ ಕೂರುತ್ತಾರೆ. ಅಲ್ಲಿಯೂ ಉಸಿರು ಮತ್ತು ಬೆರಳು ಒಂದೇ ದೇಹದವು. ಆದರೆ ಪಿಯಾನೊ ನುಡಿಸುವ ಗಾಯಕಿಯ ಕೈ ಹಾಡಿನ ಪದಕ್ಕೆ ಭಾಷ್ಯ ಬರೆಯುತ್ತದೆ; ಒಪ್ಪುತ್ತದೆ, ಅಡ್ಡ ಮಾತಾಡುತ್ತದೆ, ಕೆಲವೊಮ್ಮೆ ಅಣಕಿಸುತ್ತದೆ. ತಂಬೂರಿ ಹಿಡಿದ ಕೈ ಯಾವ ಭಾಷ್ಯವನ್ನೂ ಬರೆಯುವುದಿಲ್ಲ. ಅದು ಷಡ್ಜ-ಪಂಚಮಗಳನ್ನು ಮತ್ತೆ ಮತ್ತೆ ಹೇಳಿ, ಕಂಠ ಹೇಳಿದ್ದೆಲ್ಲವೂ ಅಳತೆಗೆ ಸಿಗುವಂತೆ ಮಾಡುತ್ತದೆ. ಒಂದು ವ್ಯಾಖ್ಯಾನಕಾರ ವಾದ್ಯ, ಇನ್ನೊಂದು ಸಾಕ್ಷಿಯ ವಾದ್ಯ. ‘ಜ್ಯೋತಿ’ಯನ್ನು ಜಾಝ್ ಎಂದು ಕೇಳುವವರಿಗೆ ಮೊದಲು ಎದುರಾಗುವ ಕೊರತೆ ಇದೇ. ಸ್ವರಮೇಳಗಳ ಚಲನೆಯಿಂದ ಕಥನವನ್ನು ಊಹಿಸಲು ಕಲಿತ ಕಿವಿಗೆ ಇಲ್ಲಿ ಕಥನ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ.

ಪಿಯಾನೊ ಇಲ್ಲದಿರುವುದಕ್ಕೆ ಸಂಗೀತಶಾಸ್ತ್ರದ ಕಾರಣ ಸ್ಪಷ್ಟವೇ ಇದೆ. ಕೀಲಿಗಳು ಹನ್ನೆರಡು ಸ್ಥಿರ ಸ್ಥಾನಗಳನ್ನು ಕೊಡುತ್ತವೆ; ಗಮಕ ಬದುಕುವುದು ಆ ಸ್ಥಾನಗಳ ನಡುವೆ. ಇದೇ ಆಕ್ಷೇಪವನ್ನು ಮುಂದಿಟ್ಟು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು, ಆ ನಿಷೇಧ ದಶಕಗಳ ಕಾಲ ಉಳಿಯಿತು. ಅದೇ ಹಾರ್ಮೋನಿಯಂ ಕನ್ನಡದ ಕಂಪನಿ ನಾಟಕಗಳಲ್ಲಿ ರಂಗದ ಉಸಿರಾಗಿತ್ತು ಎಂಬುದನ್ನೂ ಮರೆಯಬಾರದು. ಆದ್ದರಿಂದ ‘ಕೀಲಿವಾದ್ಯ ನಮ್ಮದಲ್ಲ’ ಎಂಬ ಸರಳ ತೀರ್ಮಾನ ಚರಿತ್ರೆಗೆ ಒಪ್ಪುವುದಿಲ್ಲ. ರಮಾಮಣಿ ಅವರ ಪಯಣದಲ್ಲಿಯೂ ಪಿಯಾನೊ ಇಲ್ಲದಿಲ್ಲ. ಡಾರ್ಜಿಲಿಂಗ್‌ನಲ್ಲಿ ಹುಟ್ಟಿದ ಜಾಝ್ ಪಿಯಾನೊ ವಾದಕ ಲೂಯಿ ಬ್ಯಾಂಕ್ಸ್ ಅವರೊಡನೆ ‘ಸಂಗಮ್’ ತಂಡದಲ್ಲಿ ಅವರು ಹಾಡಿದ್ದಾರೆ. 1978ರಲ್ಲಿ ಮುಂಬಯಿಯಲ್ಲಿ ಆರಂಭವಾದ ‘ಜಾಝ್ ಯಾತ್ರಾ’ ಉತ್ಸವ ಇಂತಹ ಭೇಟಿಗಳಿಗೆ ದಾರಿ ತೆರೆದ ಕಾಲವದು. ಪಿಯಾನೊ ಜೊತೆಗಿದ್ದಾಗ ಇಬ್ಬರಲ್ಲಿ ಒಬ್ಬರು ಬಿಟ್ಟುಕೊಡಬೇಕಾಗುತ್ತದೆ: ಪಿಯಾನೊ ತನ್ನ ಸ್ವರಮೇಳವನ್ನು ತೆಳುವಾಗಿಸಿ ಗಾಂಧಾರ-ನಿಷಾದಗಳ ಜಾಗವನ್ನು ಕಂಠಕ್ಕೆ ಬಿಡಬೇಕು, ಇಲ್ಲವೇ ಕಂಠ ತನ್ನ ಕಂಪಿತವನ್ನು ಮೊಟಕುಗೊಳಿಸಿ ಸ್ಥಿರ ಸ್ವರಗಳತ್ತ ಸರಿಯಬೇಕು. ಯಾರು ಯಾರಿಗಾಗಿ ಸರಿಯುತ್ತಾರೆ ಎಂಬುದೇ ಸಮ್ಮಿಳನ ಸಂಗೀತದ ಮೂಲಭೂತ ಪ್ರಶ್ನೆ. ಅನುವಾದ ಮಾಡಿದವರಿಗೆ ಈ ಪ್ರಶ್ನೆ ಪರಿಚಿತವೇ.

‘ಜ್ಯೋತಿ’ಯಲ್ಲಿ ಹೆಚ್ಚು ಸರಿದವರು ಮಾರಿಯಾನೊ. ಚಾರ್ಲ್ಸ್ ಮಿಂಗಸ್ ಅವರ 1963ರ ಪ್ರಸಿದ್ಧ ಮುದ್ರಿಕೆ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ನುಡಿಸಿದ್ದ ಈ ವಾದಕರು ಬಳಿಕ ನಾಗಸ್ವರವನ್ನು ಕಲಿತರು. ಆ ಕಲಿಕೆಯ ಫಲ ‘ಜ್ಯೋತಿ’ಯ ಸೊಪ್ರಾನೊ ಸ್ಯಾಕ್ಸೊಫೋನ್‌ನಲ್ಲಿದೆ, ಸ್ವರವನ್ನು ತುಟಿಯಿಂದ ಬಾಗಿಸುವಾಗ ಅವರು ಬ್ಲೂಸ್‌ನ ಅಭ್ಯಾಸವನ್ನಷ್ಟೇ ನೆಚ್ಚಿಲ್ಲ. ಕಛೇರಿಯಲ್ಲಿ ಪಿಟೀಲು ಹಾಡುಗಾರಿಕೆಯನ್ನು ಹಿಂಬಾಲಿಸುವ ವಿನಯ ಇಲ್ಲಿ ಸ್ಯಾಕ್ಸೊಫೋನಿಗೆ ಬಂದಿದೆ. ‘ಪೂರ್ವ-ಪಶ್ಚಿಮಗಳ ಮಿಲನ’ ಎಂಬ ಸವಕಲು ಮಾತು ಈ ಅಸಮತೆಯನ್ನು ಮರೆಮಾಚುತ್ತದೆ. ನಿಜಕ್ಕೂ ಇಲ್ಲಿರುವುದು ಅತಿಥಿಯೊಬ್ಬ ಮನೆಯವರ ಭಾಷೆಯಲ್ಲಿ, ತನ್ನ ಉಚ್ಚಾರಣೆಯನ್ನು ಬಿಡದೆ, ಮಾತಾಡಲು ಕಲಿತ ಸಂದರ್ಭ. ಆ ಉಚ್ಚಾರಣೆಯೇ ಮುದ್ರಿಕೆಗೆ ಜಾಝ್‌ನ ಗುಣವನ್ನು ತರುತ್ತದೆ.

ಮನೆಯವರ ಭಾಷೆ ಯಾವುದು? ಬೆಂಗಳೂರಿನ ಕಛೇರಿಯಲ್ಲಿ ಕನ್ನಡತಿಯೊಬ್ಬರು ಹಾಡುವ ಸಾಹಿತ್ಯದ ದೊಡ್ಡ ಪಾಲು ತೆಲುಗಿನದು, ಸಂಸ್ಕೃತದ್ದು. ಪುರಂದರದಾಸರ ಕನ್ನಡ ಪದಗಳು ತೆಲುಗು ಸೀಮೆಯಲ್ಲಿ ಮೊದಲ ಪಾಠಗಳಾಗಿ ಕಲಿಸಲ್ಪಡುತ್ತವೆ. ಹಾಡಿನ ಭಾಷೆಯೂ ಮಾತಿನ ಭಾಷೆಯೂ ಬೇರೆಯಾಗಿರುವುದು ಈ ಸಂಪ್ರದಾಯದಲ್ಲಿ ಸಹಜ ಸ್ಥಿತಿ. ಯುರೋಪಿನ ವೇದಿಕೆಗೆ ಹೋಗುವಾಗ ಇನ್ನೊಂದು ಹೆಜ್ಜೆ ಮುಂದುವರಿದು ಸಾಹಿತ್ಯವೇ ಹಿಂದೆ ಸರಿಯುತ್ತದೆ. ಆಲಾಪನೆ, ಸ್ವರ, ಜತಿಗಳು ಮುಂದೆ ಬರುತ್ತವೆ. ಇದನ್ನು ‘ಪದವಿಲ್ಲದ ಗಾಯನ’ವೆಂದು ಪಾಶ್ಚಾತ್ಯ ಕೇಳುಗರು ಸುಲಭವಾಗಿ ಗುರುತಿಸಿಕೊಳ್ಳುತ್ತಾರೆ, ಏಕೆಂದರೆ ಅವರ ಬಳಿ ‘ಸ್ಕ್ಯಾಟ್’ ಎಂಬ ಹೆಸರು ಸಿದ್ಧವಾಗಿದೆ. ಲೂಯಿ ಆರ್ಮ್‌ಸ್ಟ್ರಾಂಗ್ 1926ರ ‘ಹೀಬೀ ಜೀಬೀಸ್’ ಮುದ್ರಿಕೆಯಲ್ಲಿ ಜನಪ್ರಿಯಗೊಳಿಸಿದ, ಎಲ್ಲಾ ಫಿಟ್ಜೆರಾಲ್ಡ್ ಶಿಖರಕ್ಕೆ ಒಯ್ದ ಆ ಪದ್ಧತಿಗೂ ಇದಕ್ಕೂ ಮೇಲ್ನೋಟಕ್ಕೆ ಸಾಮ್ಯವಿದೆ. ಸಾಮ್ಯ ಅಲ್ಲಿಗೇ ಮುಗಿಯುತ್ತದೆ.

ಸ್ಕ್ಯಾಟ್‌ನ ಅಕ್ಷರ ಸ್ವರಸ್ಥಾನವನ್ನು ಸೂಚಿಸುವುದಿಲ್ಲ. ಯಾವ ಸ್ವರದ ಮೇಲೆ ಯಾವ ಅಕ್ಷರ ಬಿದ್ದರೂ ಅಡ್ಡಿಯಿಲ್ಲ; ಆ ಸ್ವಾತಂತ್ರ್ಯದಲ್ಲೇ ಅದರ ಹಾಸ್ಯ, ಲೀಲೆ ಎಲ್ಲವೂ ಇವೆ. ರಮಾಮಣಿ ಅವರು ‘ಗ’ ಎಂದಾಗ ಗಾಂಧಾರವನ್ನೇ ಹಾಡುತ್ತಿರಬೇಕು. ಅಕ್ಷರವು ನಾದದ ಹೆಸರು. ಕೊನ್ನಕೋಲಿನಲ್ಲಿಯೂ ಹಾಗೆಯೇ: ‘ತಕಧಿಮಿ’ ನಾಲ್ಕರ ಹೆಸರು, ‘ತಕ ತಕಿಟ’ ಐದರ ಹೆಸರು, ‘ತಕಧಿಮಿ ತಕಿಟ’ ಏಳರ ಹೆಸರು, ಅಕ್ಷರಗಳ ಹಿಂದೆ ಮೃದಂಗದ ಹೊಡೆತಗಳ ಲೆಕ್ಕವಿದೆ. ಹೇಳುವುದೂ ಹೇಳಲ್ಪಟ್ಟದ್ದೂ ಒಂದೇ ಆಗಿರುವ ಇಂತಹ ಭಾಷೆಯನ್ನು ‘ಪದವಿಲ್ಲದ್ದು’ ಎನ್ನುವುದು ತಪ್ಪು ಓದು. ಅದಕ್ಕಿಂತ ಮುಖ್ಯವಾಗಿ, ಕನ್ನಡಿಗರೂ ತೆಲುಗರೂ ತಮಿಳರೂ ಮಲಯಾಳಿಗಳೂ ಅನುವಾದವಿಲ್ಲದೆ ಹಂಚಿಕೊಂಡಿರುವ ಭಾಷೆಯಿದು.

ಇಷ್ಟಕ್ಕೇ ನಿಂತರೆ ವಾದ ಅಂದವಾಗಿರುತ್ತದೆ, ಪೂರ್ಣವಾಗಿರುವುದಿಲ್ಲ. ತೋಡಿಯ ಗಾಂಧಾರವನ್ನು ನೆನೆದರೆ ಸಾಕು: ಹೆಸರು ‘ಗ’ ಒಂದೇ, ನಾದ ಮಾತ್ರ ಅಕ್ಕಪಕ್ಕದ ಸ್ವರಗಳನ್ನು ಸವರುತ್ತಾ ತೂಗುತ್ತದೆ. ಹೆಸರು ಸ್ಥಿರ, ಹೆಸರಿಸಲ್ಪಟ್ಟದ್ದು ಚಲಿಸುವಂಥದ್ದು. ಪಿಯಾನೊ ಆ ಹೆಸರನ್ನು ಮಾತ್ರ ನುಡಿಸಬಲ್ಲದು, ನಿಘಂಟಿನಂತೆ. ಹೆಸರಿಗೂ ನಾದಕ್ಕೂ ನಡುವಿನ ಆ ಅಂತರವನ್ನು ತುಂಬುವುದು ಗುರುಮುಖದಿಂದ ಬಂದ ಕಿವಿಯ ನೆನಪು. ಬಹುಭಾಷಿಕ ಪ್ರದೇಶದ ಓದುಗರಿಗೆ ಇದು ಅಪರಿಚಿತ ತತ್ವವಲ್ಲ. ಒಂದೇ ಪದ ಮಡಕಶಿರಾದ ಬಾಯಲ್ಲಿ ಒಂದು ಬಗೆ, ಪಾವಗಡದ ಬಾಯಲ್ಲಿ ಇನ್ನೊಂದು ಬಗೆಯಾಗುವುದನ್ನು ಅವರು ದಿನವೂ ಕೇಳುತ್ತಾರೆ. ರಮಾಮಣಿ ಅವರ ಸಾಧನೆಯನ್ನು ಅಳೆಯಬೇಕಾದದ್ದು ಇಲ್ಲಿ. ದಾಟಲು ಅವರು ಸಾಹಿತ್ಯವನ್ನು ಬಿಟ್ಟರು, ಉಚ್ಚಾರಣೆಯನ್ನು ಬಿಡಲಿಲ್ಲ.

ಬಿಟ್ಟದ್ದಕ್ಕೆ ಬೆಲೆಯಿಲ್ಲವೆಂದಲ್ಲ. ಸಾಹಿತ್ಯದ ಒಂದು ಸಾಲನ್ನು ಹಿಡಿದು ನೆರವಲ್ ಮಾಡುವಾಗ ಅರ್ಥವು ಸ್ವರದಿಂದ ಸ್ವರಕ್ಕೆ ಬಣ್ಣ ಬದಲಿಸುತ್ತದೆ. ಆ ಅನುಭವಕ್ಕೆ ಈ ಬಗೆಯ ಮುದ್ರಿಕೆಗಳಲ್ಲಿ ಅವಕಾಶ ಕಡಿಮೆ. ನೀನಾ ಸಿಮೋನ್ ಅವರಲ್ಲಿ ಪದ ಮತ್ತು ಕೈಗಳ ನಡುವೆ ಹುಟ್ಟುವ ವ್ಯಂಗ್ಯ, ಕ್ರೋಧಗಳಿಗೆ ಸಮನಾದ ಸಾಮಾಜಿಕ ಮಾತು ಇಲ್ಲಿ ಸಿಗದು. ಇ.ಸಿ.ಎಂ.ನ ಪ್ರಸಿದ್ಧ ಧ್ವನಿಶೈಲಿಯ ಬಗೆಗೂ ಒಂದು ಆಕ್ಷೇಪವಿದೆ. ವಿಶಾಲವಾದ ಅನುರಣನವು ಆಲಾಪನೆಗೆ ಗುಡಿಯ ಪ್ರಾಂಗಣದ ಗಾಂಭೀರ್ಯವನ್ನು ಕೊಡುತ್ತದೆ, ಸರಿ. ಆದರೆ ಜತಿಗಳ ಜೀವವಿರುವುದು ವ್ಯಂಜನಗಳಲ್ಲಿ. ‘ಟ’ಕಾರ, ‘ಕ’ಕಾರಗಳ ಅಂಚು ಅನುರಣನದಲ್ಲಿ ಸವೆದಾಗ ಲೆಕ್ಕ ಉಳಿಯುತ್ತದೆ, ಮಾತು ಮಸುಕಾಗುತ್ತದೆ. ಕೇಳುಗರಿಗೆ ‘ಧ್ಯಾನಸ್ಥ’ ಭಾರತವೊಂದು ದೊರಕುವುದು ಹೀಗೆ. ಜಗಳಗಂಟಿಯಾದ, ಚುರುಕಾದ, ಗಣಿತದ ಆಟದಲ್ಲಿ ಮೈಮರೆಯುವ ತನಿ ಆವರ್ತನದ ಭಾರತ ಹಿಂದೆ ಸರಿಯುತ್ತದೆ.

ಮುದ್ರಿಕೆಯ ಮೇಲಿನ ಹೆಸರುಗಳ ಕ್ರಮವೂ ಓದಬೇಕಾದ ಪಠ್ಯವೇ. ಮಾರಿಯಾನೊ ಅವರ ಹೆಸರು ಮೊದಲು, ಅನಂತರ ಸಂಸ್ಥೆಯದು, ಆಮೇಲೆ ವಿಶೇಷ ಕಲಾವಿದೆಯಾಗಿ ರಮಾಮಣಿ ಅವರದು. ಮಾರುಕಟ್ಟೆಯ ದೃಷ್ಟಿಯಿಂದ ಇದು ಅರ್ಥವಾಗುವ ಕ್ರಮ. ಆದರೆ ಮುದ್ರಿಕೆಯ ಶ್ರುತಿಯೂ ರಾಗದ ಆಯ್ಕೆಯೂ ನಡೆಯೂ ಆಕೆಯ ಕಂಠವನ್ನೇ ಆಧರಿಸಿರುವಾಗ, ‘ಜಾಝ್ ಗಾಯಕಿ’ ಎಂಬ ಸ್ಥಾನ ಆಕೆಗೆ ಸಲ್ಲಬೇಕಾದದ್ದು ಅತಿಥಿಯಾಗಿ ಅಲ್ಲ. ನೀನಾ ಸಿಮೋನ್ ಅವರಿಗೆ ಪಿಯಾನೊ ತಂದುಕೊಟ್ಟ ಕರ್ತೃತ್ವವನ್ನು ತಂಬೂರಿ ಇವರಿಗೆ ತಂದುಕೊಡಲಿಲ್ಲ. ತಂಬೂರಿಯನ್ನು ವಾದ್ಯವೆಂದು ಎಣಿಸುವ ಅಭ್ಯಾಸ ವಿಮರ್ಶೆಗೆ ಇರಲಿಲ್ಲ.

ಸಂಸ್ಥೆಯ ಹೆಸರಿನಲ್ಲಿರುವ ‘ಕರ್ನಾಟಕ’ವೂ ಗಮನಾರ್ಹ. ಸಂಸ್ಥೆ ಹುಟ್ಟಿದ 1964ರಲ್ಲಿ ರಾಜ್ಯದ ಹೆಸರು ಮೈಸೂರು. ಅದು ಕರ್ನಾಟಕವಾದದ್ದು 1973ರಲ್ಲಿ. ಹಾಗಾಗಿ ಈ ‘ಕರ್ನಾಟಕ’ವನ್ನು ಒಂದು ರಾಜ್ಯದ ಗಡಿಯೆಂದು ಓದುವುದಕ್ಕಿಂತ ನಾಲ್ಕು ಭಾಷೆಗಳ ಜನ ಸೇರಿ ಕಟ್ಟಿದ ಒಂದು ನಾದಪದ್ಧತಿಯ ಹೆಸರಾಗಿ ಓದುವುದು ಯುಕ್ತ. ರಾಜ್ಯದ ಗಡಿಯ ಹೊರಗೆ, ಹಿಂದೂಪುರ-ಕಲ್ಯಾಣದುರ್ಗಗಳ ಸೀಮೆಯಲ್ಲಿ ಕನ್ನಡವನ್ನಾಡುವವರಿಗೆ ಈ ಓದು ಕೇವಲ ಪಾಂಡಿತ್ಯದ ವಿಷಯವಲ್ಲ. ಭಾಷೆ ಉಳಿಯಬೇಕಾದರೆ ಅದರ ಪದಗಳ ಪಟ್ಟಿ ಸಿದ್ಧಪಡಿಸಿದರೆ ಸಾಲದು, ಪದಗಳ ನಡುವಿನ ಗಮಕವೂ ದಾಖಲಾಗಬೇಕು. ಗಡಿಯ ತತ್ವಪದಕಾರರನ್ನು ಧ್ವನಿಮುದ್ರಿಸುವಾಗ ಸಾಹಿತ್ಯವನ್ನು ಬರೆದುಕೊಂಡು ತಂಬೂರಿಯ ನಾದವನ್ನು ಹಿನ್ನೆಲೆಯ ಸದ್ದೆಂದು ಕತ್ತರಿಸುವ ಪದ್ಧತಿ ಇನ್ನೂ ಇದೆ. ಸಾಹಿತ್ಯವನ್ನು ಬದಿಗಿಟ್ಟೂ ತಂಬೂರಿಯನ್ನು ಬಿಡದ ‘ಜ್ಯೋತಿ’ಯ ಜೊತೆಗೆ ಇಟ್ಟು ಕೇಳಿದರೆ, ಹಾಗೆ ಕತ್ತರಿಸಿದ್ದರಲ್ಲಿ ಹಾಡುವವರ ಕೈಯೂ ಹೋಯಿತೆಂಬುದು ತಿಳಿಯುತ್ತದೆ.