ಆದಾಮನ ಕಪ್ಪು ಪಿತ್ತ

ಮನೆಯವರೊಬ್ಬರು ತಿಂಗಳುಗಟ್ಟಲೆ ಮಂಕಾಗಿ ಕುಳಿತರೆ ‘ವಿಶ್ವಾಸ ಸಾಲದು’ ಎಂದುಬಿಡುವವರು ನಮ್ಮಲ್ಲಿದ್ದಾರೆ. ಅಂಥವರು ಜರ್ಮನಿಯ ಕನ್ಯಾಮಠವಾಸಿ, ಬಿಂಗೆನ್‌ನ ಸಂತ ಹಿಲ್ಡೆಗಾರ್ಡ್‌ರವರ (1098–1179) ‘ಕಾರಣಗಳು ಮತ್ತು ಚಿಕಿತ್ಸೆಗಳು’ ಎಂಬ ಲ್ಯಾಟಿನ್ ಗ್ರಂಥವನ್ನು ಅನುವಾದದಲ್ಲಾದರೂ ಓದಬೇಕು.

ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ: ಈ ನಾಲ್ಕರ ಸಮತೋಲವೇ ಆರೋಗ್ಯವೆಂಬುದು ಗ್ರೀಕರಿಂದ ಬಂದ ಅಂದಿನ ವೈದ್ಯಮತ. ಕಪ್ಪು ಪಿತ್ತ ಕೆರಳಿದರೆ ವಿಷಾದ. ಹಿಲ್ಡೆಗಾರ್ಡ್‌ರವರು ಇದನ್ನು ಆದಿಕಾಂಡದೊಡನೆ ಬೆಸೆಯುತ್ತಾರೆ. ಏದೆನ್ ತೋಟದಲ್ಲಿ ಆದಾಮನೊಳಗೆ ಅರುಣೋದಯದಂತೆ ಬೆಳಗುತ್ತಿದ್ದುದೇ, ಅವನು ಆಜ್ಞೆ ಮೀರಿದ ಗಳಿಗೆಯಲ್ಲಿ ಕಪ್ಪು ಪಿತ್ತವಾಯಿತಂತೆ! ಶರೀರಶಾಸ್ತ್ರವಾಗಿ ಇದು ನಿಲ್ಲದು. ಆದರೆ ವಿಷಾದವು ಆದಾಮನ ಮಕ್ಕಳೆಲ್ಲರ ಪಾಲು, ರೋಗಿಯೊಬ್ಬನ ಸ್ವಂತ ಪಾಪದ ಲೆಕ್ಕವಲ್ಲ ಎಂಬ ಅರ್ಥ ಇದರಿಂದ ಹೊರಡುತ್ತದೆ. ಕೃತಿಯ ಹಿರಿಮೆ ನನಗೆ ಕಾಣುವುದು ಇಲ್ಲಿಯೇ.

ಈ ಕರುಣೆ ಕೊನೆಯವರೆಗೆ ಉಳಿಯದು. ವಿಷಾದಪ್ರಕೃತಿಯ ಪುರುಷರನ್ನು ಮೃಗಗಳಿಗೆ ಹೋಲಿಸುವ ಪುಟಗಳು ಕಟುವಾಗಿವೆ. (ಉಳಿದಿರುವುದು ಕೋಪನ್‌ಹೇಗನ್‌ನ ಒಂದೇ ಪೂರ್ಣ ಹಸ್ತಪ್ರತಿ, ಅದರಲ್ಲಿ ಅನ್ಯರ ಕೈಯೂ ಸೇರಿರಬಹುದೆಂದು ಶಂಕಿಸುವ ವಿದ್ವಾಂಸರಿದ್ದಾರೆ.) 2012ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಇವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

ದುಃಖಿತರಿಗೆ ಗ್ರಂಥ ಹೇಳುವ ಮದ್ದು, ಕಾಯಿಸಿದ ದ್ರಾಕ್ಷಾರಸಕ್ಕೆ ತುಸು ತಣ್ಣೀರು ಬೆರೆಸಿ ಕುಡಿಯುವುದು. ಖಿನ್ನತೆಗೆ ಅದು ಔಷಧವಲ್ಲ, ವೈದ್ಯರೇ ಬೇಕು. ಆದರೂ ಗದರಿಕೆಯ ಬದಲು ಬಟ್ಟಲು ನೀಡಿದ ಆ ಕೈಯನ್ನು ಗಮನಿಸಿ.