ಹಬ್ಬದೂಟವೂ ದಿನದ ಮುದ್ದೆಯೂ

ಬಿಇ ಮೊದಲ ವರ್ಷ ಪುಸ್ತಕಕ್ಕೆ ಅಂತ ಅಪ್ಪ ಕೊಟ್ಟ ದುಡ್ಡಲ್ಲಿ ಬೆಂಗಳೂರಿನ ಅವೆನ್ಯೂ ರೋಡಿನಿಂದ 'ಫೈನ್‌ಮನ್ ಲೆಕ್ಚರ್ಸ್' ಮೊದಲ ಸಂಪುಟ ತಂದಿದ್ದೆ. ಎಲ್ಲರೂ ಹೊಗಳ್ತಿದ್ರು, ಅಷ್ಟೇ ಕಾರಣ.

1961ರಿಂದ 63ರವರೆಗೆ ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಪಾಠಗಳವು. ಶಕ್ತಿ ಸಂರಕ್ಷಣೆಯನ್ನು ಫೈನ್‌ಮನ್ ಒಬ್ಬ ತುಂಟ ಹುಡುಗನ 28 ಆಟದ ಬ್ಲಾಕುಗಳ ಲೆಕ್ಕದಲ್ಲಿ ಹೇಳುತ್ತಾರೆ. ಓದುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತೆ. ಪರೀಕ್ಷೆಯ ಲೆಕ್ಕಕ್ಕೆ ಕೂತರೆ ಪೆನ್ನು ಓಡಲ್ಲ. ಯಾಕಂದ್ರೆ ಅಧ್ಯಾಯದ ಕೊನೆಗೆ ಬಿಡಿಸಲು ಲೆಕ್ಕಗಳೇ ಇಲ್ಲ. ವಿದ್ಯಾರ್ಥಿಗಳ ಮಟ್ಟಿಗೆ ತಾನು ಅಷ್ಟೇನೂ ಗೆಲ್ಲಲಿಲ್ಲ ಅನ್ನುವ ಅಳುಕನ್ನು ಫೈನ್‌ಮನ್ನರೇ ಮುನ್ನುಡಿಯಲ್ಲಿ ತೋಡಿಕೊಂಡಿದ್ದಾರೆ. ನಾನು ಮುನ್ನುಡಿ ಓದಿರಲಿಲ್ಲ!

ಗೊತ್ತಿದ್ದವರಿಗೆ ಅದು ಹಬ್ಬದೂಟ. ಕಲಿಯುವವರಿಗೆ ದಿನದ ಮುದ್ದೆ ಬೇಕು. ನನಗದು ಸಿಕ್ಕಿದ್ದು ಸೀನಿಯರ್ ಒಬ್ಬರು ಕೊಟ್ಟ ಹಳೇ ಹ್ಯಾಲಿಡೇ-ರೆಸ್ನಿಕ್‌ನಲ್ಲಿ. ಮಾತು ಸಪ್ಪೆ, ಆದರೆ ಬಿಡಿಸಿ ತೋರಿಸಿದ ಉದಾಹರಣೆಗಳು, ಅಧ್ಯಾಯಕ್ಕೆ ಹತ್ತಾರು ಲೆಕ್ಕ. ಕನ್ನಡ ಮೀಡಿಯಮ್ಮಿಂದ ಬಂದವನಿಗೆ ಇಂಗ್ಲಿಷ್ ತಡವರಿಸಿದ ಕಡೆಯೆಲ್ಲ ಆ ಲೆಕ್ಕಗಳೇ ಕೈ ಹಿಡಿದವು.

ಊರಿನ ಹುಡುಗರು ಕೇಳಿದರೆ ಈಗ ಹೇಳೋದಿಷ್ಟು: ಕೊಳ್ಳುವ ಮುಂಚೆ ಅಂಗಡಿಯಲ್ಲೇ ಅಧ್ಯಾಯದ ಕೊನೆ ತೆರೆದು ನೋಡ್ರಪ್ಪ. ಹಳೇ ಎಡಿಷನ್ ಸಾಕು, ನ್ಯೂಟನ್ನನ ನಿಯಮ ಹಾಗೇ ಇದೆ. ಫೈನ್‌ಮನ್‌ಗೆ ದುಡ್ಡು ಹಾಕಬೇಡಿ, ಕ್ಯಾಲ್‌ಟೆಕ್‌ನವರೇ ಇಂಟರ್ನೆಟ್ಟಲ್ಲಿ ಪುಕ್ಕಟೆ ಓದೋಕೆ ಇಟ್ಟಿದ್ದಾರೆ. ಲೆಕ್ಕ ಮುಗಿಸಿ ರಾತ್ರಿ ಓದಿ.