ಯಮುನಕ್ಕನ ಜೊತೆಗೆ ಯಾರು?

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಅಂದ ಕೂಡಲೇ ನಾವು ಅಗ್ರಹಾರದ ಕ್ರೌರ್ಯದ ಮಾತು ತೆಗೆಯುತ್ತೇವೆ. ಅನಂತಮೂರ್ತಿಯವರ ಕಥೆಯಿಂದ ಹುಟ್ಟಿ ಸ್ವರ್ಣಕಮಲ ಪಡೆದ ಈ ಚಿತ್ರವನ್ನು ಹಾಗೆ ಓದುವುದು ಸರಿಯೇ. ಆದರೆ ಅಗ್ರಹಾರವೇ ಇಲ್ಲದ ಮುಂಬಯಿಯಲ್ಲಿ ಕೂತು ನೋಡಿದಾಗ ನನ್ನನ್ನು ಕಾಡಿದ್ದು ಬೇರೆ: ಯಮುನಕ್ಕನ ಜೊತೆಗೆ ಯಾರಿದ್ದರು?

ವಿಧವೆ ಯಮುನಕ್ಕ ಬಸುರಿ. ಕಾರಣನಾದ ಮೇಷ್ಟ್ರು ಕೊನೆಯವರೆಗೆ ನಿಲ್ಲುವುದಿಲ್ಲ. ಅಪ್ಪ ಬದುಕಿರುವ ಮಗಳಿಗೇ ಶ್ರಾದ್ಧ ಮಾಡುತ್ತಾನೆ. ಮನಸಾರೆ ಅವಳ ಜೊತೆಗಿರೋದು ಪಾಠಶಾಲೆಯ ಪುಟ್ಟ ಹುಡುಗ ನಾಣಿ ಒಬ್ಬನೇ. ಅವನಿಗೆ ಏನೂ ಅರ್ಥವಾಗೋದಿಲ್ಲ, ಹಾಗಾಗಿ ತೀರ್ಪನ್ನೂ ಕೊಡೋದಿಲ್ಲ. ದೊಡ್ಡವರು ಹೊರಬೇಕಾದ ಭಾರವನ್ನು ಒಂದು ಮಗು ಹೊರಬೇಕಾಯಿತಲ್ಲ, ಚಿತ್ರದ ನಿಜವಾದ ಆರೋಪ ಇದು. ಆದರೆ ಎಲ್ಲವನ್ನೂ ನಾಣಿಯ ಕಣ್ಣಲ್ಲಿ ನೋಡುವುದರಿಂದ, ಯಮುನಕ್ಕನಿಗೇ ಏನು ಬೇಕಿತ್ತು ಅನ್ನೋದು ನಮಗೆ ಕೇಳಿಸುವುದು ಕಮ್ಮಿ. ಅದು ಚಿತ್ರದ ಮಿತಿ. ಇವತ್ತಿಗೂ ನಮ್ಮದೂ ಅದೇ ಮಿತಿ.

ಕಾಯ್ದೆ ಬದಲಾಗಿದೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಬಂತು. 20ರಿಂದ 24 ವಾರದವರೆಗಿನ ಅವಕಾಶದಿಂದ ಮದುವೆಯಾಗದವಳನ್ನು ಹೊರಗಿಡುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಯಸ್ಸಿಗೆ ಬಂದ ಹೆಂಗಸಾದರೆ ಒಪ್ಪಿಗೆಗೆ ಅವಳ ಸಹಿಯೊಂದೇ ಸಾಕು. ಆದರೂ ಪಿ.ಜಿ.ಯಲ್ಲಿದ್ದ ನಮ್ಮ ಕಡೆಯ ಹುಡುಗಿಯೊಬ್ಬಳ ಜೊತೆ ಇಲ್ಲಿನ ಒಂದು ನರ್ಸಿಂಗ್ ಹೋಮಿಗೆ ಹೋದಾಗ ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆ, ‘ಗಂಡನ ಸಹಿ ಎಲ್ಲಿ?’ ಕಾಯ್ದೆಯಲ್ಲಿ ಅದು ಬೇಕಿಲ್ಲ ಅಂತ ವಾದ ಮಾಡಲು ನಾನಿದ್ದೆ. ಒಬ್ಬಳೇ ಹೋಗಿದ್ದರೆ?

ಅವಳಿಗೆ ಡಾಕ್ಟರ ಭಯ ಇರಲಿಲ್ಲ, ಊರಿಗೆ ಗೊತ್ತಾಗುವ ಭಯ ಇತ್ತು. ಊರಿನವರು ಯಾರೂ ಹತ್ತಿರ ಇಲ್ಲ ಅನ್ನೋದು ಪರಊರಲ್ಲಿ ಧೈರ್ಯವೂ ಹೌದು, ಸಂಕಟವೂ ಹೌದು. ರಾತ್ರಿ ಹೊಟ್ಟೆ ಹಿಂಡಿದಾಗ ಬಿಸಿನೀರು ಕೊಡೋರು ಬೇಕಲ್ಲ!

ಆರೈಕೆ ಅಂದರೆ ಅವಳ ಪರವಾಗಿ ನಾವು ತೀರ್ಮಾನಿಸುವುದಲ್ಲ. ತೆಗೆಸುತ್ತೇನೆ ಅಂದರೂ, ಹೆರುತ್ತೇನೆ ಅಂದರೂ ಅವಳ ಜೊತೆಗಿರುವುದು, ವಿಷಯವನ್ನು ನಮ್ಮಲ್ಲೇ ಇಟ್ಟುಕೊಳ್ಳುವುದು. ಊರಲ್ಲಿರುವ ನಿಮಗೂ ಇಂಥ ಫೋನು ಬರಬಹುದು. ‘ಯಾರವನು?’ ಅಂತ ಕೇಳೋ ಮುಂಚೆ ‘ನಾನು ಬರಲೇನೇ?’ ಅಂತ ಕೇಳಿ.